ದಿಂಬಿಗೂ ಅಳತೆ ಬೇಕು

ಹೊಲಿಗೆ ನನ್ನ ಕಸುಬು, ಆಮವಾತ ನನ್ನ ಹಳೇ ಕಾಯಿಲೆ. ಡಾಕ್ಟರು ಅದನ್ನು ರುಮಟಾಯ್ಡ್ ಆರ್ಥ್ರೈಟಿಸ್ ಅನ್ನುತ್ತಾರೆ. ಬೆರಳ ಗೆಣ್ಣಿಗೆ ಬಂದ ಬಾವು ಕೆಲವರಲ್ಲಿ ಕತ್ತಿಗೂ ಏರುತ್ತದೆ. ನನಗೆ ಏರಿದೆ.

ಕತ್ತಿನಲ್ಲಿ 7 ಮೂಳೆ. ಮೇಲಿನದು ಬಳೆಯ ಹಾಗೆ ದುಂಡಗಿದೆ. ಎರಡನೆಯದರಿಂದ ಒಂದು ಮೊನೆ ಎದ್ದು ಆ ಬಳೆಯೊಳಗೆ ನಿಂತಿದೆ. ತಲೆ ಅತ್ತಿತ್ತ ತಿರುಗುವುದರಲ್ಲಿ ಹೆಚ್ಚೂಕಡಿಮೆ ಅರ್ಧ ಪಾಲು ಈ ಒಂದೇ ಕೀಲಿನದು. ಮೊನೆ ಕದಲದಂತೆ ಹಿಂದಿನಿಂದ ಬಿಗಿದಿರುವ ಅಸ್ಥಿರಜ್ಜುವನ್ನು ಬಾವು ಸವೆಸಿದರೆ ಬಳೆ ಮುಂದಕ್ಕೆ ಜಾರುತ್ತದೆ. ಮೊನೆಯ ಹಿಂದೆಯೇ ಬೆನ್ನುಹುರಿ. ಕತ್ತು ಬಗ್ಗಿಸಿ ತೆಗೆದ ಎಕ್ಸ್‌ರೇಯಲ್ಲಿ ಬಳೆಗೂ ಮೊನೆಗೂ ನಡುವಿನ ಸಂದು 3 ಮಿಲಿಮೀಟರಿಗಿಂತ ಹೆಚ್ಚಿದ್ದರೆ ದೊಡ್ಡವರಲ್ಲಿ ಸಡಿಲವೆಂದೇ ಲೆಕ್ಕ. ನನ್ನದು ತುಸು ಹೆಚ್ಚು. ಆಪರೇಷನ್ ಸದ್ಯಕ್ಕೆ ಬೇಡ, ನಿಗಾ ಇರಲಿ ಅಂದರು.

ಹಗಲು ಹೇಗೋ ಕಳೆಯುತ್ತದೆ. ರಾತ್ರಿ ಸ್ನಾಯುಗಳು ಸಡಿಲಬಿಟ್ಟಾಗ ಕತ್ತನ್ನು ಕಾಯುವುದು ದಿಂಬೇ. ಅಂಗಡಿಯ ದಿಂಬು ಯಾವುದೂ ನನಗೆ ಹೊಂದಲಿಲ್ಲ. ಮನೆಯಲ್ಲಿದ್ದ ಬೂರುಗದ ಹತ್ತಿಯ ದಿಂಬಿನ ಹೊಲಿಗೆ ಬಿಚ್ಚಿ, ಹತ್ತಿ ತೆಗೆದು, ಮತ್ತೆ ತುಂಬಿ ಹದಕ್ಕೆ ತಂದುಕೊಂಡೆ. ಗೋಡೆಗೆ ಭುಜ ತಾಗಿಸಿ ನೆಟ್ಟಗೆ ನಿಂತಾಗ ತಲೆಗೂ ಗೋಡೆಗೂ ನಡುವೆ ಎಷ್ಟು ಜಾಗ ಉಳಿಯುತ್ತದೋ, ಮಗ್ಗುಲಾಗಿ ಮಲಗಲು ಸುಮಾರಾಗಿ ಅಷ್ಟೇ ಎತ್ತರ ಬೇಕು. ತಲೆಯಿಟ್ಟ ಮೇಲೆ ದಿಂಬು ಕುಗ್ಗಿ ಉಳಿಯುವ ಎತ್ತರ ಅದು, ಅಂಗಡಿಯಲ್ಲಿ ಉಬ್ಬಿ ಕೂತಿರುವಾಗಿನದಲ್ಲ. ಅಂಗಾತ ಮಲಗುವುದಾದರೆ ತೆಳು ದಿಂಬು, ಕತ್ತಿನ ಕೆಳಗೆ ಸುತ್ತಿದ ಸಣ್ಣ ಟವೆಲ್. ದಪ್ಪ ದಿಂಬು ಗದ್ದವನ್ನು ಎದೆಗೆ ತಳ್ಳುತ್ತದೆ; ನನ್ನಂಥವರಿಗೆ ಬಗ್ಗಿದ ಕತ್ತೇ ಅಪಾಯ. ಬೋರಲು ಮಲಗುವಂತಿಲ್ಲ, ಉಸಿರಿಗಾಗಿ ತಲೆಯನ್ನು ಪೂರ್ತಿ ಹೊರಳಿಸಬೇಕಾಗುತ್ತದೆ. ಏಳುವಾಗ ಮೊದಲು ಮಗ್ಗುಲಿಗೆ ಹೊರಳಿ, ಕೈಯೂರಿ ಏಳುತ್ತೇನೆ.

ಫಿಸಿಯೋಥೆರಪಿ ಮೇಡಂ ಕಲಿಸಿದ ವ್ಯಾಯಾಮ ನೋಡಿದರೆ ‘ಇದೂ ಒಂದು ವ್ಯಾಯಾಮವೇ?’ ಅನ್ನಿಸುತ್ತದೆ. ಅಂಗೈಯನ್ನು ಹಣೆಗೆ ಇಟ್ಟು, ತಲೆ ಕದಲದಂತೆ ಎರಡನ್ನೂ ಮೆಲ್ಲಗೆ ಒತ್ತಿ, ಐದು ಎಣಿಸಿ ಬಿಡುವುದು. ಜೊತೆಗೆ ಬಿಸಿನೀರಿನ ಚೀಲದ ಶಾಖ. ಕತ್ತಿನ ಕಾಲರ್ ಬಸ್ಸಿನ ಪ್ರಯಾಣಕ್ಕೆ ಮಾತ್ರ. ಸದಾ ಹಾಕಿಕೊಂಡರೆ ಸ್ನಾಯು ಸೊರಗುತ್ತದೆ. ಇದೆಲ್ಲದರಿಂದ ನೋವು ತಗ್ಗುತ್ತದೆ, ಆದರೆ ಸಡಿಲವಾದ ಅಸ್ಥಿರಜ್ಜು ಮತ್ತೆ ಬಿಗಿಯಾಗುವುದಿಲ್ಲ. ಬಾವನ್ನು ಹಿಡಿತದಲ್ಲಿಡುವುದು ವಾರಕ್ಕೊಮ್ಮೆ ನುಂಗುವ ಮೆಥೊಟ್ರೆಕ್ಸೇಟ್.

ಸಲೂನಿನಲ್ಲಿ ತಲೆ ತಿಕ್ಕಿ ಕೊನೆಗೆ ಕತ್ತಿನ ನೆಟಿಕೆ ಮುರಿಯುತ್ತಾರಲ್ಲ, ಅದು ಗಟ್ಟಿ ಕತ್ತಿನವರಿಗೂ ಬೇಡ. ಆ ತಿರುಚಿಗೆ ಮಿದುಳಿಗೆ ಹೋಗುವ ರಕ್ತನಾಳ ಸೀಳಿ ಪಾರ್ಶ್ವವಾಯು ಹೊಡೆದದ್ದುಂಟು.

ಗುಂಡಿ ಹಾಕಲು ಬೆರಳು ತಡವರಿಸಿದರೆ, ಕತ್ತು ಬಗ್ಗಿಸಿದಾಗ ಬೆನ್ನುದ್ದಕ್ಕೂ ಕರೆಂಟು ಹೊಡೆದಂತಾದರೆ, ನಡಿಗೆ ತೂರಾಡಿದರೆ, ಮೂತ್ರದ ಹಿಡಿತ ತಪ್ಪಿದರೆ ದಿಂಬು ಸರಿಪಡಿಸುತ್ತ ಕೂರಬೇಡಿ, ಅಂದೇ ಆಸ್ಪತ್ರೆಗೆ ಹೋಗಿ. ಬೇರೆ ಯಾವ ಆಪರೇಷನ್ನಿಗೆ ಹೋದರೂ ಅರಿವಳಿಕೆ ಕೊಡುವ ಡಾಕ್ಟರಿಗೆ ಕತ್ತಿನ ವಿಷಯ ಮೊದಲೇ ಹೇಳಿಬಿಡಿ. ಗಂಟಲಿಗೆ ನಳಿಕೆ ಇಳಿಸುವಾಗ ಸಾಮಾನ್ಯವಾಗಿ ತಲೆಯನ್ನು ಹಿಂದಕ್ಕೆ ಬಾಗಿಸುತ್ತಾರೆ.