ಬಲಿಪೀಠದಿಂದ ಕಪಾಟಿಗೆ: ಬರೋಕ್ ಶಿಲ್ಪ ಮತ್ತು ಪಿಂಗಾಣಿ ಸ್ವರೂಪಗಳು

ಡಿಸೆಂಬರ್ 3ರ ಹಬ್ಬಕ್ಕೆ ಹಳೆ ಗೋವೆಗೆ ಹೋಗಿಬರುವ ಕಲಘಟಗಿ, ಕುಂದಗೋಳ ಕಡೆಯ ವಿಶ್ವಾಸಿಗಳು ಮೇಣದಬತ್ತಿಗಳೊಡನೆ ಪಿಂಗಾಣಿಯ ಪುಟ್ಟ ಸ್ವರೂಪವೊಂದನ್ನೂ ತಂದು, ಆಶೀರ್ವದಿಸಿಕೊಡಬೇಕೆಂದು ಯಾಜಕರ ಮುಂದಿಡುವುದುಂಟು. ಅದು ಪ್ರಾರ್ಥನೆಯ ಸಾಧನವೋ ಕಪಾಟಿನ ಅಲಂಕಾರವೋ ಎಂಬ ಪ್ರಶ್ನೆ ಹೊಸದಲ್ಲ. ಅದರ ಬೇರು ಹದಿನೆಂಟನೆಯ ಶತಮಾನದ ಯುರೋಪಿನಲ್ಲಿದೆ. ಒಂದು ಎಳೆ ಆ ಯಾತ್ರಿಕರು ಕಂಡುಬಂದ ದೇವಾಲಯದಲ್ಲೇ ಇದೆ.

ಬಾಮ್ ಜೀಸಸ್ ಬಸಿಲಿಕದಲ್ಲಿ ಸಂತ ಫ್ರಾನ್ಸಿಸ್ ಕ್ಸೇವಿಯರರ ಬೆಳ್ಳಿಯ ಪೆಟ್ಟಿಗೆಯನ್ನು ಹೊತ್ತಿರುವ ಅಮೃತಶಿಲೆಯ ಸಮಾಧಿಪೀಠ ಫ್ಲಾರೆನ್ಸಿನ ಶಿಲ್ಪಿ ಜೊವಾನ್ನಿ ಬಟ್ಟಿಸ್ಟಾ ಫೊಜ್ಜೀನಿಯವರದು. ಟಸ್ಕನಿಯ ಮಹಾಪ್ರಭು ಮೂರನೆಯ ಕೊಸಿಮೊನ ಕಾಣಿಕೆಯಾದ ಅದು 1698ರಲ್ಲಿ ಇಲ್ಲಿ ಸ್ಥಾಪಿತವಾಯಿತು. ಅದರ ಕಂಚಿನ ಉಬ್ಬುಚಿತ್ರಗಳಲ್ಲೊಂದು 1552ರಲ್ಲಿ ಚೀನಾದ ತೀರದಾಚೆಯ ಸಾನ್ಸಿಯಾನ್ ದ್ವೀಪದಲ್ಲಿ ಸಂತರು ಪ್ರಾಣಬಿಟ್ಟ ದೃಶ್ಯ. ಪ್ರತಿಮೆಗೆ ಸಲ್ಲುವ ಗೌರವ ಮೂಲರೂಪಕ್ಕೆ ಸಲ್ಲುತ್ತದೆಂದು ಟ್ರೆಂಟ್ ಮಹಾಸಭೆ 1563ರಲ್ಲಿ ಪುನರುಚ್ಚರಿಸಿತಷ್ಟೆ. ಬರೋಕ್ ಶಿಲ್ಪಿಗಳು ಆ ಬೋಧನೆಗೆ ಮೈಕೊಟ್ಟರು. ಮೇಲೆತ್ತಿದ ಕಣ್ಣು, ಚಾಚಿದ ತೋಳು, ಗಾಳಿ ಹೊಕ್ಕಂತಿರುವ ವಸ್ತ್ರ, ಎಲ್ಲವೂ ಕೆಳಗೆ ಮೊಣಕಾಲೂರಿದವನನ್ನು ಉದ್ದೇಶಿಸಿದವು.

ಇದೇ ಫೊಜ್ಜೀನಿಯವರ ಮಾದರಿಗಳು ಮುಂದೆ ಅವರ ಮಗನಿಂದ ಕಾರ್ಲೊ ಜಿನೋರಿ ಎಂಬ ಶ್ರೀಮಂತನ ಕೈಸೇರಿದವು. ಆತ 1737ರಲ್ಲಿ ಫ್ಲಾರೆನ್ಸಿನ ಬಳಿಯ ದೋಚಾದಲ್ಲಿ ಪಿಂಗಾಣಿ ಕಾರ್ಖಾನೆ ತೆರೆದಿದ್ದ. ಮತ್ತೊಬ್ಬ ಶಿಲ್ಪಿ ಸೋಲ್ದಾನಿ ಬೆಂಝಿಯವರ ಮಾದರಿಗಳೂ ಅಲ್ಲಿಗೆ ಬಂದವು. ಸತ್ತ ಕ್ರಿಸ್ತರನ್ನು ಕುರಿತು ಶೋಕಿಸುವ ಮಾತೆಯ ದೃಶ್ಯವನ್ನು ಸೋಲ್ದಾನಿ ಕಂಚಿಗಾಗಿ ರೂಪಿಸಿದ್ದರು. ದೋಚಾದಲ್ಲಿ ಅದು ಬೆಳ್ಳನೆಯ ಪಿಂಗಾಣಿಯಾಯಿತು. ಉತ್ತರದಲ್ಲಿ, ಸ್ಯಾಕ್ಸನಿಯ ಮೈಸೆನ್ ಕಾರ್ಖಾನೆ (ಸ್ಥಾಪನೆ 1710) 1731ರಲ್ಲಿ ಯೊಹಾನ್ ಯೋಆಕಿಮ್ ಕೆಂಡ್ಲರ್ ಎಂಬ ಶಿಲ್ಪಿಯನ್ನು ಸೇರಿಸಿಕೊಂಡಿತು. ರೋಮಿನ ಲ್ಯಾಟರನ್ ಬಸಿಲಿಕದ ಬೃಹತ್ ಪ್ರೇಷಿತರ ಪ್ರತಿಮೆಗಳನ್ನು ಆತ ಪಿಂಗಾಣಿಗಿಳಿಸಿದ. 1738–40ರ ಸುಮಾರಿಗೆ ಆತ ಮಾಡಿದ ಕೃತಿಗಳಲ್ಲಿ ಸಂತ ಕ್ಸೇವಿಯರರ ಮರಣದ ಗುಂಪುಶಿಲ್ಪವೂ ಒಂದು. ಗೋವೆಯ ಕಂಚಿನಲ್ಲಿರುವ ವಿಷಯವೇ ಅದು. ಚೀನಾದ ಹೊಸ್ತಿಲಲ್ಲಿ ಸತ್ತ ಸಂತರು ಚೀನಿಮಣ್ಣಿನಲ್ಲೇ ಮರಳಿ ಮೂಡಿದರು!

ಆದರೆ ಮಣ್ಣಿಗೆ ತನ್ನದೇ ಹಟವಿದೆ. ಮಾದರಿಯನ್ನು ತುಂಡುತುಂಡಾಗಿ ಅಚ್ಚು ತೆಗೆದು, ಪ್ರತಿ ಭಾಗವನ್ನೂ ಬೇರೆ ಬೇರೆ ಒತ್ತಿ, ತೆಳುಮಣ್ಣಿನ ರಾಡಿಯಿಂದ ಬೆಸೆಯಬೇಕು. ಸುಮಾರು 1,400 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಆಕೃತಿ ಆರನೆಯ ಒಂದು ಪಾಲಿನಷ್ಟು ಕುಗ್ಗುತ್ತದೆ; ಮೆತ್ತಗಾಗಿ, ಚಾಚಿದ ತೋಳು ಜೋಲುತ್ತದೆ. ಆದ್ದರಿಂದ ಭಟ್ಟಿಯಲ್ಲಿ ಅದಕ್ಕೆ ಅದೇ ಮಣ್ಣಿನ ಆನಿಕೆ ಕೊಡುತ್ತಾರೆ. ಇಲ್ಲವೇ ಮೋಡವೋ ಮರದ ಬೊಡ್ಡೆಯೋ ಶಾಶ್ವತ ಆಸರೆಯಾಗಿ ನಿಲ್ಲುತ್ತದೆ. ಬರೋಕಿನ ಪ್ರಾಣವೇ ಆದ ಹಾರುವ ಭಂಗಿ ಇಲ್ಲಿ ಊರುಗೋಲಿನ ಮೇಲೆ ನಿಂತಿದೆ. ಒರಗಿ ಸಾಯುವ ಸಂತರ ಭಂಗಿ ಭಟ್ಟಿಗೆ ಒಗ್ಗಿತೆಂದು ನಮಗೆ ತೋರುತ್ತದೆ.

ನಮ್ಮ ದೃಷ್ಟಿಯಲ್ಲಿ ಇದಕ್ಕಿಂತ ದೊಡ್ಡ ಬದಲಾವಣೆ ನೋಟದ್ದು. ಗೋವೆಯ ಸಮಾಧಿಯೆದುರು ಯಾತ್ರಿಕ ತಲೆಯೆತ್ತುತ್ತಾನೆ. ಮೇಜಿನ ಪಿಂಗಾಣಿಯನ್ನು ಒಡೆಯ ಮೇಲಿನಿಂದ ನೋಡುತ್ತಾನೆ, ಎತ್ತಿ ತಿರುಗಿಸುತ್ತಾನೆ. ಅದೇ ಕೆಂಡ್ಲರ್ ವಿದೂಷಕರನ್ನೂ ಪ್ರಣಯಿಗಳನ್ನೂ ಅಷ್ಟೇ ಶ್ರದ್ಧೆಯಿಂದ ರೂಪಿಸಿದ. ಒಂದೇ ಕಪಾಟಿನಲ್ಲಿ ಸಂತನೂ ವಿದೂಷಕನೂ ನೆರೆಯವರಾಗಬಹುದಾಗಿತ್ತು. ಹಾಗೆಂದು ಕಿರಿದಾದುದು ಪವಿತ್ರವಲ್ಲವೆನ್ನಲಾಗದು. ಗೌರವ ಮೂಲರೂಪಕ್ಕೆ ಸಲ್ಲುವುದಾದರೆ ಬೆಲೆ, ಗಾತ್ರ, ನಕಲುಗಳ ಸಂಖ್ಯೆ ಅಡ್ಡಿಯಾಗವು. ಅಡ್ಡಿಯಾಗುವುದು ಅದನ್ನು ಇರಿಸುವ ಬಗೆ. ಆಶೀರ್ವದಿಸಿದ ವಸ್ತು ಖಾಸಗಿಯವರ ಒಡೆತನದಲ್ಲಿದ್ದರೂ ಲೌಕಿಕ ಬಳಕೆಗೆ ಸಲ್ಲದೆಂದು ಧರ್ಮಸಭೆಯ ಕಾನೂನು ಸಂಹಿತೆಯ 1171ನೆಯ ವಿಧಿ ಹೇಳುತ್ತದೆ. ಆದಕಾರಣ ಆಶೀರ್ವಾದಕ್ಕೆ ಮುನ್ನ ಯಾಜಕರು ಕೇಳಬೇಕಾದದ್ದು ‘ಯಾವುದರಿಂದ ಮಾಡಿದ್ದು’ ಎಂದಲ್ಲ, ‘ಮನೆಯಲ್ಲಿ ಎಲ್ಲಿಡುತ್ತೀರಿ’ ಎಂದು. ಕಣ್ಣಿನ ಮಟ್ಟಕ್ಕಿಂತ ಮೇಲೆ, ಕುಟುಂಬ ಜಪಮಾಲೆಗೆ ಕೂಡುವೆಡೆ ಇಟ್ಟರೆ ಆ ಭಂಗಿಗೆ ಕಳೆದುಹೋದ ನೋಟ ಮರಳಿ ದೊರೆಯುತ್ತದೆ.

ಒಡೆದರೆ? ನವಲಗುಂದದ ಎರೆಮಣ್ಣಿನಲ್ಲಿ ಮಾಡಿದ ಮಣ್ಣೆತ್ತು ನೀರಿಗೆ ಬಿದ್ದರೆ ಕರಗಿ ಮತ್ತೆ ಮಣ್ಣೇ ಆಗುತ್ತದೆ. ಬೆಂದ ಪಿಂಗಾಣಿ ಕರಗದು, ಸುಡದು. ರೂಪಗೆಟ್ಟ ಪವಿತ್ರ ವಸ್ತುಗಳನ್ನು ಸುಡುವ ಅಥವಾ ಹೂಳುವ ಧರ್ಮಸಭೆಯ ವಾಡಿಕೆಯಲ್ಲಿ ಇದಕ್ಕೆ ಉಳಿಯುವುದು ಎರಡನೆಯದೇ: ಚೂರುಗಳನ್ನು ಬಟ್ಟೆಯಲ್ಲಿ ಕಟ್ಟಿ, ದೇವಾಲಯದ ಆವರಣದಲ್ಲಿ ಯಾರೂ ತುಳಿಯದ ಕಡೆ, ಆಳವಾಗಿ ಹೂಳಬೇಕು.