ಫ್ಲಾಟಿನ ಜತೆ ಬರುವ ವೀಸಾ

ಬೆಂಗಳೂರಿನ ದೊಡ್ಡ ಹೋಟೆಲುಗಳಲ್ಲಿ ವಾರಾಂತ್ಯಕ್ಕೆ ನಡೆಯುವ ದುಬೈ ಪ್ರಾಪರ್ಟಿ ಮೇಳಗಳಲ್ಲಿ ಎರಡು ಸರಕುಗಳನ್ನು ಒಂದೇ ಪೊಟ್ಟಣದಲ್ಲಿ ಕಟ್ಟಿ ಮಾರುತ್ತಾರೆ. ಒಂದು ಫ್ಲಾಟು, ಇನ್ನೊಂದು ಅಲ್ಲಿ ಹತ್ತು ವರ್ಷ ನೆಲೆಸುವ ಪರವಾನಗಿ. ಮೊದಲನೆಯದು ಬಿಲ್ಡರಿನದು. ಎರಡನೆಯದು ಅವನ ಅಂಗಡಿಯ ಮಾಲೇ ಅಲ್ಲ, ಅಲ್ಲಿನ ಸರ್ಕಾರದ್ದು. ಪರದೇಶದಲ್ಲಿ ಬದುಕು ಕಟ್ಟಿಕೊಳ್ಳಬೇಕೆನ್ನುವವರು ಈ ಪೊಟ್ಟಣ ಬಿಚ್ಚಿ, ವಾಸದ ಹಕ್ಕನ್ನು ಮೊದಲು, ಮನೆಯನ್ನು ಆಮೇಲೆ ನೋಡಬೇಕು ಎಂಬುದು ನನ್ನ ವಾದ. ಈ ಕ್ರಮ ನಮ್ಮಲ್ಲಿ ತಲೆಕೆಳಗಾಗಲು ಕಾರಣವೂ ಇದೆ. ಸೈಟು ಇದ್ದವನೇ ಊರಿನವನು ಎಂದು ನಂಬಿ ಬೆಳೆದವರು ನಾವು.

ದುಬೈ ವಿದೇಶಿಯರಿಗೆ ಪೂರ್ಣ ಒಡೆತನದ ಬಾಗಿಲು ತೆರೆದದ್ದು 2002ರಲ್ಲಿ. ಅದಕ್ಕೆ ಕಾನೂನಿನ ಬಲ ಬಂದದ್ದು 2006ರಲ್ಲಿ, ಅದೂ ಗುರುತಿಸಿದ ಪ್ರದೇಶಗಳಲ್ಲಿ ಮಾತ್ರ. ಈ ಒಡೆತನ ಗಟ್ಟಿ. ಭೂ ಇಲಾಖೆಗೆ ಶೇ 4ರಷ್ಟು ಶುಲ್ಕ ಕಟ್ಟಿದರೆ ಹಕ್ಕುಪತ್ರ ಕೈಗೆ ಬರುತ್ತದೆ. ಮಾರಬಹುದು, ಬಾಡಿಗೆಗೆ ಕೊಡಬಹುದು, ಮಕ್ಕಳಿಗೆ ಬಿಡಬಹುದು. ವೀಸಾದ ಜಾತಿಯೇ ಬೇರೆ. 20 ಲಕ್ಷ ದಿರ್ಹಮ್ ಆಸ್ತಿಗೆ 10 ವರ್ಷದ ಗೋಲ್ಡನ್ ವೀಸಾ ಎಂಬ ನಿಯಮ ಬಂದದ್ದು 2022ರಲ್ಲಿ. ಅದಕ್ಕೂ ಮುಂಚೆ ಮಿತಿ ಬೇರೆ ಇತ್ತು, ಅವಧಿ ಬೇರೆ ಇತ್ತು. ಆಸ್ತಿ ಮಾರಿದರೆ ಅದನ್ನು ನಂಬಿ ನಿಂತ ವೀಸಾಕ್ಕೂ ಆಧಾರ ತಪ್ಪುತ್ತದೆ. ಎಷ್ಟು ವರ್ಷ ಇದ್ದರೂ ಪೌರತ್ವ ತಾನಾಗಿ ಬರುವುದಿಲ್ಲ. ಇಂಥ ನಿಯಮ ಎಷ್ಟು ದಿನ ಬಾಳೀತು ಎಂಬುದಕ್ಕೆ ಯುರೋಪಿನಲ್ಲಿ ಉತ್ತರವಿದೆ. ಪೋರ್ಚುಗಲ್ 2012ರಲ್ಲಿ, ಸ್ಪೇನ್ 2013ರಲ್ಲಿ, 5 ಲಕ್ಷ ಯುರೋ ಕೊಟ್ಟು ಮನೆ ಕೊಂಡವರಿಗೆ ವಾಸದ ಪರವಾನಗಿ ಕೊಡತೊಡಗಿದವು. ಆರ್ಥಿಕ ಬಿಕ್ಕಟ್ಟಿನಲ್ಲಿ ನೆಲಕಚ್ಚಿದ್ದ ಮಾರುಕಟ್ಟೆಗೆ ಆಗ ಗಿರಾಕಿ ಬೇಕಿತ್ತು. ದಶಕ ಕಳೆಯುವಷ್ಟರಲ್ಲಿ ಲಿಸ್ಬನ್, ಬಾರ್ಸಿಲೋನಾಗಳಲ್ಲಿ ಊರವರಿಗೇ ಮನೆ ಕೈಗೆಟುಕದಾಯಿತು. ಪೋರ್ಚುಗಲ್ 2023ರಲ್ಲಿ ಆಸ್ತಿಯ ದಾರಿ ಮುಚ್ಚಿತು. ಸ್ಪೇನ್ 2025ರ ಏಪ್ರಿಲ್‌ನಲ್ಲಿ ಯೋಜನೆಯನ್ನೇ ಕೈಬಿಟ್ಟಿತು. ಗ್ರೀಸ್ ಮುಚ್ಚಲಿಲ್ಲ, ಎರಡೂವರೆ ಲಕ್ಷ ಯುರೋದಿಂದ ಶುರುವಾದ ಮಿತಿಯನ್ನು ಅಥೆನ್ಸ್‌ನಂಥ ಕಡೆ 8 ಲಕ್ಷಕ್ಕೆ ಏರಿಸಿತು. ಆಗಲೇ ವೀಸಾ ಪಡೆದವರನ್ನು ಯಾರೂ ಹೊರದಬ್ಬಲಿಲ್ಲವಲ್ಲ ಎನ್ನಬಹುದು. ನಿಜ. ಆದರೆ ವೀಸಾದ ಆಸೆಗೆಂದೇ ಹೆಚ್ಚು ಕೊಟ್ಟು ಕೊಂಡ ಫ್ಲಾಟನ್ನು ಮಾರಹೊರಟಾಗ, ಎದುರಿಗೆ ಕೂತ ಗಿರಾಕಿಗೆ ಆ ಆಸೆಯೇ ಇರುವುದಿಲ್ಲ.

ನಮ್ಮ ಕಡೆಯ ಲೆಕ್ಕ ಇನ್ನೂ ಬಿಗಿ. ರಿಸರ್ವ್ ಬ್ಯಾಂಕಿನ ಉದಾರೀಕೃತ ಹಣ ರವಾನೆ ಯೋಜನೆ (ಎಲ್‌ಆರ್‌ಎಸ್) ಪ್ರಕಾರ ಭಾರತದಲ್ಲಿ ನೆಲೆಸಿರುವ ಒಬ್ಬರು ಒಂದು ಹಣಕಾಸು ವರ್ಷದಲ್ಲಿ ಹೊರಗೆ ಕಳಿಸಬಹುದಾದದ್ದು 2.5 ಲಕ್ಷ ಡಾಲರ್. ದಿರ್ಹಮ್ 1997ರಿಂದ ಡಾಲರಿಗೆ 3.6725ರ ದರದಲ್ಲಿ ಕಟ್ಟಿಹಾಕಿದ ನಾಣ್ಯವಾದ್ದರಿಂದ, 20 ಲಕ್ಷ ದಿರ್ಹಮ್ ಎಂದರೆ ಸುಮಾರು 5.45 ಲಕ್ಷ ಡಾಲರ್. ಗಂಡ ಹೆಂಡತಿ ಇಬ್ಬರ ಮಿತಿಯನ್ನು ಪೂರ್ತಿ ಬಳಸಿದರೂ 5 ಲಕ್ಷ! ಗೋಲ್ಡನ್ ವೀಸಾದ ಹೊಸ್ತಿಲು ಇಬ್ಬರಿಗೂ ಒಂದು ಗೇಣು ದೂರ. ಮೂರನೆಯವರನ್ನು ಸೇರಿಸಿಕೊಳ್ಳಬೇಕು, ಇಲ್ಲವೇ ಮಾರ್ಚ್‌ನಲ್ಲಿ ಒಂದಿಷ್ಟು, ಏಪ್ರಿಲ್‌ನಲ್ಲಿ ಒಂದಿಷ್ಟು ಕಳಿಸಬೇಕು. ಹಣ ಕಳಿಸಿದವರೆಲ್ಲ ಒಡೆತನದಲ್ಲೂ ಪಾಲುದಾರರಾಗಿರಬೇಕು. ಮಾವನ ಖಾತೆಯಿಂದ ದುಡ್ಡು, ಅಳಿಯನ ಹೆಸರಿಗೆ ಪತ್ರ ಎಂಬ ಹಳೆಯ ಜಾಣತನ ಇಲ್ಲಿ ನಡೆಯದು. 10 ಲಕ್ಷ ರೂಪಾಯಿ ದಾಟಿದ ಮೊತ್ತದ ಮೇಲೆ ಬ್ಯಾಂಕು ಶೇ 20ರಷ್ಟು ಟಿಸಿಎಸ್, ಅಂದರೆ ಮೂಲದಲ್ಲೇ ಸಂಗ್ರಹಿಸುವ ತೆರಿಗೆ, ವಸೂಲು ಮಾಡುತ್ತದೆ. ರಿಟರ್ನ್ಸ್‌ನಲ್ಲಿ ಅದನ್ನು ಹೊಂದಿಸಿಕೊಳ್ಳಬಹುದು, ಸರಿ. ಅಲ್ಲಿಯವರೆಗೆ ಕೋಟಿಯ ಆಸುಪಾಸಿನ ಹಣ ಕೈಬಿಟ್ಟಿರುತ್ತದೆ. ದುಬೈನಲ್ಲಿ ಆದಾಯ ತೆರಿಗೆಯೇ ಇಲ್ಲವಲ್ಲ ಎಂಬ ಮಾತೂ ಅರ್ಧ ಸತ್ಯ. ತೆರಿಗೆ ಇಲಾಖೆ ವೀಸಾ ನೋಡುವುದಿಲ್ಲ, ಮುಖ್ಯವಾಗಿ ದಿನ ಎಣಿಸುತ್ತದೆ. ವರ್ಷದಲ್ಲಿ 182 ದಿನ ಇಲ್ಲೇ ಇದ್ದ ಸಾಮಾನ್ಯ ನಿವಾಸಿಗೆ ದುಬೈ ಫ್ಲಾಟಿನ ಬಾಡಿಗೆಯೂ ಇಲ್ಲಿಯ ಆದಾಯವೇ. ಆ ಫ್ಲಾಟನ್ನು ರಿಟರ್ನ್ಸ್‌ನಲ್ಲಿ ತೋರಿಸದಿದ್ದರೆ 2015ರ ಕಪ್ಪುಹಣ ಕಾಯ್ದೆಯಡಿ 10 ಲಕ್ಷ ರೂಪಾಯಿ ದಂಡ ಬೀಳಬಹುದು.

ಬಾಡಿಗೆ ಕಟ್ಟುವುದು ನೀರಲ್ಲಿ ಹೋಮ ಮಾಡಿದಂತೆ ಎನ್ನುವವರಿದ್ದಾರೆ. ಕೊಳ್ಳುವವನ ಹೋಮವನ್ನೂ ನೋಡಿ. ಶೇ 4 ನೋಂದಣಿ ಶುಲ್ಕ, ರೂಢಿಯಂತೆ ಶೇ 2 ಬ್ರೋಕರ್ ಕಮಿಷನ್ ಸೇರಿದರೆ 20 ಲಕ್ಷಕ್ಕೆ 1.2 ಲಕ್ಷ ದಿರ್ಹಮ್ ಮೊದಲ ದಿನವೇ ಹೋಯಿತು. ಆಮೇಲೆ ಪ್ರತಿವರ್ಷ ಚದರ ಅಡಿಗೆ ಇಷ್ಟೆಂದು ಸರ್ವಿಸ್ ಚಾರ್ಜ್: ಅಡಿಗೆ 15 ದಿರ್ಹಮ್ ಎಂದಿಟ್ಟುಕೊಂಡರೆ ಸಾವಿರ ಅಡಿಯ ಮನೆಗೆ 15 ಸಾವಿರ, ಬೀಗ ಹಾಕಿದ್ದರೂ ತಪ್ಪದು. ಇತ್ತ ಬಾಡಿಗೆದಾರನಿಗೆ ಅಲ್ಲಿ ಕಾನೂನಿನ ಆಸರೆಯಿದೆ. ಮಾರಲೋ ತಾನೇ ಇರಲೋ ಮನೆ ಬಿಡಿಸಬೇಕೆಂದರೆ ಮಾಲೀಕ 12 ತಿಂಗಳ ನೋಟಿಸ್ ಕೊಡಬೇಕು. ಬೆಲೆ ಏರುತ್ತದಲ್ಲ? ಏರುತ್ತದೆ, ಇಳಿಯುತ್ತದೆ ಕೂಡ. 2008ರ ಕೊನೆಗೆ ಕುಸಿದಾಗ ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ್ದ, ಅಂದರೆ ಕಟ್ಟಡ ಏಳುವ ಮೊದಲೇ ಕಂತು ಕಟ್ಟಿದ್ದ ಅನೇಕರು ಸಿಕ್ಕಿಬಿದ್ದರು. 2014ರ ನಂತರ ಸುಮಾರು ಆರು ವರ್ಷ ದರ ಜಾರುತ್ತಲೇ ಹೋಯಿತು. ಆಗ ನಷ್ಟದ ಬಿಸಿ ನಮ್ಮವರಿಗೆ ಅಷ್ಟಾಗಿ ತಟ್ಟದಿದ್ದರೆ ಅದು ರೂಪಾಯಿಯ ಕೃಪೆ: 2014ರಲ್ಲಿ 16 ರೂಪಾಯಿಯ ಆಸುಪಾಸಿನಲ್ಲಿದ್ದ ದಿರ್ಹಮ್ 2025ರ ಹೊತ್ತಿಗೆ 23 ದಾಟಿತು. ಆ ಲಾಭ ಡಾಲರನ್ನು ಯಾವ ರೂಪದಲ್ಲಿ ಇಟ್ಟುಕೊಂಡಿದ್ದರೂ ಸಿಗುತ್ತಿತ್ತು, ಅದಕ್ಕೆ ಬಾಲ್ಕನಿ ಬೇಕಿರಲಿಲ್ಲ.

ಹಾಗಾದರೆ ಯಾರೂ ಕೊಳ್ಳಬಾರದೇ? ಉಡುಪಿ, ಮಂಗಳೂರು, ಭಟ್ಕಳದಿಂದ ಹೋಗಿ ಉದ್ಯೋಗದ ವೀಸಾದಲ್ಲೇ ದಶಕಗಳನ್ನು ಕಳೆದವರಿಗೆ ಈ ಮಾತು ಅನ್ವಯಿಸದು. ಕೆಲಸ ಮುಗಿದ ದಿನ ಅವರ ವೀಸಾವೂ ಮುಗಿಯುವ ಹಾದಿ ಹಿಡಿಯುತ್ತದೆ. ಮಕ್ಕಳು, ಸ್ನೇಹ, ವ್ಯವಹಾರ ಎಲ್ಲ ಅಲ್ಲೇ ಬೇರೂರಿರುವಾಗ ಒಂದು ಫ್ಲಾಟು ಅವರಿಗೆ ನಿಜವಾದ ಆಸರೆ. ಬದುಕು ಮೊದಲೇ ಅಲ್ಲಿದೆ, ಮನೆ ಅದರ ಹಿಂದೆ ಬರುತ್ತಿದೆ. ಅವರೂ ಒಂದು ಕೆಲಸ ಮುಂದೂಡಬಾರದು. ಮುಸ್ಲಿಮೇತರರು ದುಬೈ ಅಂತರರಾಷ್ಟ್ರೀಯ ಹಣಕಾಸು ಕೇಂದ್ರದಲ್ಲಿ (ಡಿಐಎಫ್‌ಸಿ) ಉಯಿಲು ನೋಂದಾಯಿಸುವ ಏರ್ಪಾಡು 2015ರಿಂದ ಇದೆ. ಉಯಿಲು ಇಲ್ಲದಿದ್ದರೆ ವಾರಸುದಾರರು ಕೋರ್ಟಿನ ಮೆಟ್ಟಿಲು ಹತ್ತಬೇಕು. ಗೋಲ್ಡನ್ ವೀಸಾ ಹೊಂದಿದವರು ತೀರಿಕೊಂಡರೆ ಅವರನ್ನು ಅವಲಂಬಿಸಿದ ಮನೆಮಂದಿ ತಮ್ಮ ಪರವಾನಗಿಯ ಅವಧಿ ಮುಗಿಯುವ ತನಕ ಅಲ್ಲಿರಬಹುದು. ಫ್ಲಾಟು ಆಮೇಲೂ ಅವರದೇ.