ಮಗನ ಸಾಲ ತೀರಿಸುವ ತಾಯಿ

ನಮ್ಮ ಧರ್ಮಕೇಂದ್ರದ ಯುವಕನೊಬ್ಬನಿಗೆ ಕೆಲವು ವರ್ಷಗಳ ಹಿಂದೆ ನಾವೊಂದು ಪತ್ರ ಬರೆದುಕೊಟ್ಟೆವು. ಆತ ಜ್ವರದಿಂದ ಮಲಗಿದ್ದನೆಂದೂ, ಆದುದರಿಂದ ನಾಲ್ಕು ದಿನ ಕೆಲಸಕ್ಕೆ ಬರಲಾಗಲಿಲ್ಲವೆಂದೂ ಅದರಲ್ಲಿತ್ತು. ಆತನಿಗೆ ಜ್ವರವಿರಲಿಲ್ಲ, ಕುಡಿದು ಮಲಗಿದ್ದ. ಇದು ಅವನ ತಾಯಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ಕೆಲಸ ಉಳಿದರೆ ಮನೆ ಉಳಿದೀತೆಂದು ಬಗೆದು ಇಗರ್ಜಿಯ ಮೊಹರು ಒತ್ತಿ ಕೊಟ್ಟೆವು. ಕೆಲಸವೇನೋ ಉಳಿಯಿತು, ಕುಡಿತವೂ ಉಳಿಯಿತು. (ಗುರುತು ಸಿಗಬಾರದೆಂದು ಇಲ್ಲಿ ವಿವರಗಳನ್ನು ಬದಲಿಸಿದ್ದೇವೆ. ತಪ್ಪು ಮಾತ್ರ ನಮ್ಮದೇ.)

ಮಂಗಳೂರಿನ ನಮ್ಮ ಕುಟುಂಬಗಳಿಗೆ ಇದು ಹೊಸ ಕಥೆಯಲ್ಲ. ರೋಸ್, ಮದುವೆ, ನಾಮಕರಣ ಯಾವುದೇ ಇರಲಿ, ಗ್ಲಾಸು ತುಂಬದಿದ್ದರೆ ಸಂಭ್ರಮವಲ್ಲವೆಂಬ ರೂಢಿ ನಮ್ಮಲ್ಲಿದೆ. 2007ರ ಜುಲೈ 1ರಂದು ರಾಜ್ಯದಲ್ಲಿ ಸಾರಾಯಿ ನಿಂತಿತು. ಬಾಟಲಿ ಬದಲಾಯಿತು, ಅಷ್ಟೆ. ಗಲ್ಫಿನಲ್ಲಿ ದುಡಿಯುವ ಮಗಳು ಮನೆಖರ್ಚಿಗೆಂದು ಕಳುಹಿಸಿದ ಹಣ ತಮ್ಮನ ಕುಡಿತದ ಲೆಕ್ಕ ಚುಕ್ತಾ ಮಾಡಲು ಹೋಗುತ್ತದೆ. ತಾಯಿ ಸಾಲ ತೀರಿಸುತ್ತಾಳೆ, ಹೆಂಡತಿ ಕಚೇರಿಗೆ ಫೋನ್ ಮಾಡಿ ಸುಳ್ಳು ಹೇಳುತ್ತಾಳೆ, ಅಣ್ಣ ಠಾಣೆಯಿಂದ ಬಿಡಿಸಿ ತರುತ್ತಾನೆ, ಪಾದ್ರಿ ಪತ್ರ ಬರೆಯುತ್ತಾನೆ. ಕುಡಿತದ ಫಲವನ್ನು ಕುಡಿಯುವವನೊಬ್ಬನ ಹೊರತು ಮಿಕ್ಕವರೆಲ್ಲರೂ ಉಣ್ಣುತ್ತಾರೆ.

ಸೆಮಿನರಿಯ ತತ್ತ್ವಶಾಸ್ತ್ರದ ತರಗತಿಯಲ್ಲಿ ನಾವು ಕಲಿತದ್ದುಂಟು: ಪ್ರೀತಿಸುವುದೆಂದರೆ ಇನ್ನೊಬ್ಬನ ಒಳಿತನ್ನು ಬಯಸುವುದು. ಅರಿಸ್ಟಾಟಲನ ಈ ವಿಚಾರವನ್ನು ಸಂತ ಥಾಮಸ್ ಅಕ್ವಿನಾಸರು ತಮ್ಮದಾಗಿಸಿಕೊಂಡರು. ಪರೀಕ್ಷೆಯಲ್ಲಿ ಸರಿಯಾಗಿಯೇ ಬರೆದಿದ್ದೆವು. ಆದರೆ ಒಳಿತು ಬೇರೆ, ಸದ್ಯದ ಸಮಾಧಾನ ಬೇರೆ ಎಂಬುದು ಆ ಪತ್ರಕ್ಕೆ ಸಹಿ ಹಾಕುವಾಗ ನೆನಪಾಗಲಿಲ್ಲ.

ಅಮೆರಿಕದಲ್ಲಿ 1935ರಲ್ಲಿ ಮದ್ಯವ್ಯಸನಿಗಳ ಸಂಘವಾದ ಎ.ಎ.ಯನ್ನು ಹುಟ್ಟುಹಾಕಿದ ಇಬ್ಬರಲ್ಲಿ ಬಿಲ್ ವಿಲ್ಸನ್ ಒಬ್ಬರು. ಗಂಡ ಕುಡಿತ ಬಿಟ್ಟ ಮೇಲೂ ಪತ್ನಿ ಲೋಯಿಸ್‌ಗೆ ನೆಮ್ಮದಿಯಿರಲಿಲ್ಲ. ಸಭೆಗೆ ಬೇಗ ಹೊರಡೆಂದ ಗಂಡನ ಮೇಲೆ ಆಕೆ ಒಂದು ದಿನ ಚಪ್ಪಲಿಯನ್ನೇ ಎಸೆದರಂತೆ. ವರ್ಷಗಟ್ಟಲೆ ಅವನನ್ನು ಕಾಯುವುದೇ ಬದುಕಾಗಿ, ತಮ್ಮ ಮನಸ್ಸೂ ಕಾಯಿಲೆ ಬಿದ್ದಿದೆಯೆಂದು ಅವರಿಗೆ ಆಗ ಹೊಳೆಯಿತು. 1951ರಲ್ಲಿ ಅವರು ಗೆಳತಿಯೊಡನೆ ಕುಟುಂಬದವರಿಗಾಗಿಯೇ ಅಲ್‌-ಅನಾನ್ ಎಂಬ ಕೂಟವನ್ನು ಸ್ಥಾಪಿಸಿದರು. ಕುಡಿತಕ್ಕೆ ಕಾರಣ ನಾವಲ್ಲ, ಅದನ್ನು ಹತೋಟಿಯಲ್ಲಿಡುವುದೂ ಗುಣಪಡಿಸುವುದೂ ನಮ್ಮ ಕೈಯಲ್ಲಿಲ್ಲವೆಂದು ಅಲ್ಲಿ ಕಲಿಸುತ್ತಾರೆ.

ಸಂತ ಮೋನಿಕಾರ ಕಣ್ಣೀರು ನಮ್ಮ ತಾಯಂದಿರಿಗೆಲ್ಲ ಗೊತ್ತು. ಆಕೆ ಮುಚ್ಚಿದ ಬಾಗಿಲು ಅಷ್ಟಾಗಿ ಗೊತ್ತಿಲ್ಲ. ಮಗ ಅಗಸ್ಟೀನ್ ಮಾನಿಯ ಮತ ಹಿಡಿದು ಬಂದಾಗ, ಅವನೊಡನೆ ಒಂದೇ ಮನೆಯಲ್ಲಿದ್ದು ಒಂದೇ ಮೇಜಿನಲ್ಲಿ ಉಣ್ಣಲು ಆಕೆ ಒಪ್ಪಲಿಲ್ಲವೆಂದು ಅಗಸ್ಟೀನರೇ ಬರೆದಿದ್ದಾರೆ. ಬಳಿಕ ಕನಸೊಂದರಿಂದ ಸಾಂತ್ವನ ಪಡೆದು ಆಕೆ ಅವನನ್ನು ಮತ್ತೆ ಮೇಜಿಗೆ ಸೇರಿಸಿಕೊಂಡರು, ಅವನ ಮತವನ್ನು ಮಾತ್ರ ಒಪ್ಪಲಿಲ್ಲ. ದುಂದುಗಾರ ಮಗನ ಸಾಮತಿಯಲ್ಲಿಯೂ ತಂದೆ ದೂರದೇಶಕ್ಕೆ ಹಣ ಕಳುಹಿಸಿಕೊಡಲಿಲ್ಲ. ಕಳುಹಿಸಿದ್ದರೆ ಮಗ ಹಿಂದಿರುಗುತ್ತಿದ್ದನೇ ಎಂಬುದು ನಮ್ಮ ಸಂದೇಹ.

ಆ ತಾಯಿ ಕೊನೆಗೊಂದು ದಿನ ಬಂದು ಕೇಳಿದರು: “ಫಾದರ್, ಅವನನ್ನು ಹಾಳು ಮಾಡಿದ್ದು ನಾನೇ ಏನು?” ಅಲ್ಲವೆಂದೆವು. ಬಹಳ ಹೊತ್ತು ಮಾತನಾಡಿ ಅವರೇ ಮೂರು ವಿಷಯ ನಿಶ್ಚಯಿಸಿದರು. ಊಟವುಂಟು, ಹಣವಿಲ್ಲ. ಅವನ ಸಾಲ ಅವನದು. ಅವನಿಗಾಗಿ ಯಾರೂ ಸುಳ್ಳು ಹೇಳುವುದಿಲ್ಲ. ರಾತ್ರಿ ಅಮಲಿನಲ್ಲಿರುವಾಗ ಜಗಳವಾಡದೆ, ಬೆಳಿಗ್ಗೆ ಕಾಫಿ ಕೊಟ್ಟು ಹೇಳಬೇಕೆಂದೂ ಅವರೇ ಯೋಚಿಸಿದ್ದರು. ನಾವಾದರೆ ಒಂದು ಪ್ರವಚನವನ್ನೇ ಸೇರಿಸುತ್ತಿದ್ದೆವೇನೋ! ಹೆತ್ತವಳಿಗೆ ಇಷ್ಟು ಕಲ್ಲುಮನಸ್ಸೇ ಎಂದು ನೆಂಟರಿಷ್ಟರು ಆಡಿಕೊಂಡರು. ಗಲ್ಫಿನ ಮಗಳೂ ಫೋನಿನಲ್ಲಿ ಅತ್ತಳು.

ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಹಲವು ವರ್ಷ ವಿಪರೀತ ಕುಡಿದವನು ಒಮ್ಮೆಗೇ ನಿಲ್ಲಿಸಿದರೆ, ಎರಡು ಮೂರು ದಿನಗಳೊಳಗೆ ಕೈಕಾಲು ನಡುಗಿ, ಫಿಟ್ಸ್ ಬಂದು, ಬುದ್ಧಿಭ್ರಮೆಯಾಗಿ ಪ್ರಾಣಕ್ಕೇ ಅಪಾಯವಾಗಬಹುದು. ಅವನನ್ನು ಕೋಣೆಯಲ್ಲಿ ಕೂಡಿಹಾಕಿ ಬಿಡಿಸುತ್ತೇವೆಂಬುದು ಮೂರ್ಖತನ. ಅವನಿಗೆ ತಿಳಿಯದಂತೆ ಸಾರಿನಲ್ಲಿ ಮಾತ್ರೆ ಬೆರೆಸುವುದು ಇನ್ನೂ ಅಪಾಯಕರ. ಆ ಮಾತ್ರೆಯ ಮೇಲೆ ಕುಡಿದವನ ಹೃದಯವೇ ನಿಲ್ಲಬಹುದು. ಕಂಕನಾಡಿಯಲ್ಲಿ ಫಾದರ್ ಮುಲ್ಲರರು 1880ರಲ್ಲಿ ಆರಂಭಿಸಿದ ಸೇವೆ ಇಂದು ದೊಡ್ಡ ಆಸ್ಪತ್ರೆಯಾಗಿದೆ, ಅಲ್ಲಿ ಮನೋರೋಗ ವಿಭಾಗವಿದೆ. ಹೋಗಲು ನಾಚಿಕೆಯೇಕೆ? ಇನ್ನು ಹೊಡೆತ ಬಡಿತವಿರುವ ಮನೆಯಲ್ಲಿ ಕಾಫಿ ಕೊಟ್ಟು ಹೇಳುವ ಮಾತೇ ಇಲ್ಲ. ಹೆಂಡತಿ ಮಕ್ಕಳ ರಕ್ಷಣೆಯೇ ಮೊದಲು. 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆ ಪತ್ನಿಗೆ ಅದೇ ಮನೆಯಲ್ಲಿ ವಾಸಿಸುವ ಹಕ್ಕನ್ನು ನೀಡಿದೆ.

ಯುವಕ ಕೆಲಸ ಕಳೆದುಕೊಂಡ. ಆಮೇಲೆ ತಾನಾಗಿ ಆಸ್ಪತ್ರೆ ಸೇರಿದ, ಏಳು ತಿಂಗಳು ಬಿಟ್ಟ, ಮತ್ತೆ ಎಡವಿದ, ಮತ್ತೆ ಸೇರಿದ. ಈಗ ಬೇರೆ ಕಡೆ ದುಡಿಯುತ್ತಾನೆ. ಕಳೆದ ತಿಂಗಳು ನಮ್ಮ ಬಂಗಲೆಗೆ ಬಂದು, ಎರಡು ದಿನ ತಪ್ಪಿದ ಕೆಲಸಕ್ಕೆ ಒಂದು ಪತ್ರ ಬೇಕೆಂದು ಕೇಳಿದ. ಕಾಫಿ ತರಿಸಿದೆವು, ಒಂದು ಗಂಟೆ ಜೊತೆಗೆ ಕುಳಿತೆವು. ಪತ್ರ ಬರೆಯಲಿಲ್ಲ.